ಕಡಿಮೆ ಖರ್ಚಿನ ಕಂಪ್ಯೂಟರ್: ಭಾಗ ಆರಿಸುವುದು, ಜೋಡಿಸುವುದು, ಆನ್ ಆಗದಿದ್ದರೆ ಹುಡುಕುವುದು

ಅಕ್ಕನ ಮಗ ಎಂಜಿನಿಯರಿಂಗ್ ಸೇರಿದ ವರ್ಷ ಸಾಗರದಿಂದ ಭಾವ ಒಂದು ಕೊಟೇಶನ್ ಕಳಿಸಿದರು. ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಗೇಮಿಂಗ್ ಕ್ಯಾಬಿನೆಟ್’ ಎಂದು ನಾಲ್ಕೇ ಸಾಲು. ಕೆಳಗೆ ಆಸೆ ಹುಟ್ಟಿಸುವಷ್ಟು ಕಡಿಮೆ ಮೊತ್ತ. ‘ತಗೊಂಡುಬಿಡಲಾ ಮಾರಾಯ?’ ಎಂದು ಕೇಳಿದ್ದರು.

‘ಭಾವ, ಐ7ರ ಮುಂದೆ ನಾಲ್ಕೈದು ಅಂಕಿ ಇರುತ್ತೆ, ಅದೇನು ಅಂತ ಕೇಳಿ’ ಎಂದೆ. ಸಂಜೆ ಉತ್ತರ ಬಂತು: 3770. ಅದು 2012ರಲ್ಲಿ ಮಾರುಕಟ್ಟೆಗೆ ಬಂದ ಮೂರನೇ ತಲೆಮಾರಿನ ಪ್ರೊಸೆಸರ್. ಎಲ್ಲೋ ವರ್ಷಗಟ್ಟಲೆ ದುಡಿದ ಹಳೆಯ ಪ್ರೊಸೆಸರನ್ನು ಹೊಸ ಕ್ಯಾಬಿನೆಟ್‌ನಲ್ಲಿ ಕೂರಿಸಿ ಕೊಡುವ ವ್ಯಾಪಾರ ಅದು. ಅದರಲ್ಲಿ ವಿಂಡೋಸ್ 11 ಅಧಿಕೃತವಾಗಿ ನಡೆಯುವುದಿಲ್ಲ. ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದರೆ ಮಗ ನಾಲ್ಕು ವರ್ಷ ಓದಲೆಂದು ತರುವ ಯಂತ್ರದ ಆಯಸ್ಸು ತರುವ ದಿನವೇ ಮುಗಿದಿರುತ್ತಿತ್ತು.

ಆ ಹಣಕ್ಕೆ ಇನ್ನಷ್ಟು ಸೇರಿಸಿ, ನಾನೂ ಅಳಿಯನೂ ಕೂತು ಹೊಸ ಭಾಗಗಳಿಂದಲೇ ಒಂದು ಡೆಸ್ಕ್‌ಟಾಪ್ ಕಟ್ಟಿದೆವು. ಹಾಗೆ ಕಟ್ಟುವ ಕ್ರಮ ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಣ ಉಳಿಯುವುದು ಕೆಲವು ಭಾಗಗಳನ್ನು ತರದೇ ಬಿಡುವುದರಿಂದ; ತರುವ ಭಾಗವನ್ನು ಅಗ್ಗದ್ದೇ ತರುವುದರಿಂದ ಉಳಿಯುವುದಿಲ್ಲ. ಬೆಲೆಗಳನ್ನು ಇಲ್ಲಿ ಬರೆದಿಲ್ಲ, ಏಕೆಂದರೆ ಅವು ವಾರ ವಾರ ಬದಲಾಗುತ್ತವೆ.

ಹಂತ 1: ಏನು ಕೆಲಸಕ್ಕೆ ಎಂದು ಬರೆದಿಟ್ಟುಕೊಳ್ಳಿ

ಕಾಗದದ ಮೇಲೆ ಬರೆಯಿರಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ನಮ್ಮ ಪಟ್ಟಿ ಹೀಗಿತ್ತು: ಪ್ರೋಗ್ರಾಮಿಂಗ್, ಕಾಲೇಜಿನ ಡ್ರಾಯಿಂಗ್ ಸಾಫ್ಟ್‌ವೇರ್, ಆನ್‌ಲೈನ್ ಪಾಠ, ಅಕ್ಕನಿಗೆ ಸಂಘದ ಲೆಕ್ಕ ಮತ್ತು ಕನ್ನಡ ಟೈಪಿಂಗ್, ರಜೆಯಲ್ಲಿ ಒಂದಿಷ್ಟು ಆಟ. ಈ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು ಅನ್ನುವ ಕೆಲಸ ಒಂದೂ ಇಲ್ಲ. ಹೀಗಾಗಿ ಅತಿ ದುಬಾರಿ ಭಾಗವೇ ಪಟ್ಟಿಯಿಂದ ಹೊರಗೆ ಹೋಯಿತು. ಡಿಸ್‌ಪ್ಲೇ ಕೊಡುವ ಶಕ್ತಿ ಪ್ರೊಸೆಸರ್‌ನೊಳಗೇ ಇದ್ದರೆ ಸಾಕು. ಮುಂದೆ ದುಡ್ಡಾದಾಗ ಕಾರ್ಡ್ ಹಾಕಲು ಮದರ್‌ಬೋರ್ಡ್‌ನಲ್ಲಿ ಜಾಗ ಹೇಗೂ ಇರುತ್ತದೆ.

ನಿಮ್ಮ ಪಟ್ಟಿಯಲ್ಲಿ ದೊಡ್ಡ ಆಟಗಳೋ ದಿನವಿಡೀ ವಿಡಿಯೊ ಎಡಿಟಿಂಗೋ ಇದ್ದರೆ ಲೆಕ್ಕ ಬೇರೆ. ಆಗ ಆರು ತಿಂಗಳು ಹೆಚ್ಚು ಕಾದು ಹಣ ಕೂಡಿಸುವುದೇ ವಾಸಿ.

ಹಂತ 2: ಪ್ರೊಸೆಸರ್, ಹೆಸರಿನ ಕೊನೆಯ ಅಕ್ಷರ ಸಹಿತ

ಹೊಸಬರಿಗೆ ನಾನು ಹೇಳುವುದು ಎರಡೇ ಹೆಸರು. ಎಎಂಡಿಯಲ್ಲಿ ರೈಜೆನ್ 5 5600ಜಿ: ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ಗ್ರಾಫಿಕ್ಸ್, ಬಾಕ್ಸ್‌ನಲ್ಲೇ ಕೂಲರ್. 2021ರಲ್ಲಿ ಬಂದದ್ದಾದರೂ ಮನೆ-ಕಾಲೇಜಿನ ಕೆಲಸಕ್ಕೆ ಇವತ್ತಿಗೂ ಗಟ್ಟಿ. ಇಂಟೆಲ್‌ನಲ್ಲಿ ಐ3 12100: ನಾಲ್ಕು ಕೋರ್, ಎಂಟು ಥ್ರೆಡ್. ಇದರಲ್ಲೂ ಗ್ರಾಫಿಕ್ಸ್ ಒಳಗೇ ಇದೆ. ಸಣ್ಣಪುಟ್ಟ ಆಟಕ್ಕೆ ಎಎಂಡಿಯ ಗ್ರಾಫಿಕ್ಸ್ ಮೇಲು. ಬರೀ ಕಚೇರಿ ಕೆಲಸಕ್ಕೆ ಇಂಟೆಲ್‌ನದು ಧಾರಾಳ ಸಾಕು.

ಅಂಗಡಿಯ ಮುಂದೆ ನಿಂತಾಗ ಎಡವುವುದು ಹೆಸರಿನ ಕೊನೆಯ ಅಕ್ಷರದಲ್ಲಿ. 12100ಎಫ್ ಎಂದಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ರೈಜೆನ್ 5500ರಲ್ಲೂ 5600ರಲ್ಲೂ ಇಲ್ಲ. ‘ಜಿ’ ಇದ್ದರೆ ಮಾತ್ರ ಇದೆ. ಕೆಲವೇ ನೂರು ರೂಪಾಯಿ ಕಮ್ಮಿ ಎಂದು ‘ಎಫ್’ ತಂದು, ಮನೆಯಲ್ಲಿ ಪರದೆ ಕಪ್ಪಗೇ ಉಳಿದಾಗ ಬೋರ್ಡ್ ಕೆಟ್ಟಿದೆ ಎಂದು ವಾಪಸ್ ಓಡಿದವರನ್ನು ನೋಡಿದ್ದೇನೆ. ಬೋರ್ಡಿನದೂ ತಪ್ಪಿರಲಿಲ್ಲ, ಅಂಗಡಿಯವರದೂ ತಪ್ಪಿರಲಿಲ್ಲ.

ಸೀಲ್ ಇರುವ ಬಾಕ್ಸ್‌ನ ಪ್ರೊಸೆಸರನ್ನೇ ಕೇಳಿ. ‘ಟ್ರೇ’ ಎಂದು ಬಿಡಿಯಾಗಿ ಮಾರುವುದು ಅಗ್ಗ ಸಿಗಬಹುದು, ಆದರೆ ಕೂಲರ್ ಬರುವುದಿಲ್ಲ, ಕಂಪನಿಯ ವಾರಂಟಿಯೂ ಬಾಕ್ಸ್‌ನದರಂತೆ ಸಿಗುವುದಿಲ್ಲ.

ಹಂತ 3: ಬೋರ್ಡ್ ಮತ್ತು ರ‍್ಯಾಮ್ ಒಟ್ಟಿಗೇ ಆರಿಸಿ

ಇವೆರಡನ್ನು ಬೇರೆ ಬೇರೆ ದಿನ, ಬೇರೆ ಬೇರೆ ಕಡೆ ಕೊಂಡರೆ ಜೋಡಿ ತಪ್ಪುವ ಸಂಭವ ಹೆಚ್ಚು. 5600ಜಿ ಕೂರುವುದು ಎಎಂ4 ಸಾಕೆಟ್‌ನಲ್ಲಿ. ಅದಕ್ಕೆ ಎ520 ಅಥವಾ ಬಿ550 ಬೋರ್ಡ್. ಬಹಳ ದಿನದಿಂದ ಕಪಾಟಿನಲ್ಲಿದ್ದ ಬಿ450 ಬೋರ್ಡ್ ಕೊಟ್ಟರೆ ‘5000 ಸರಣಿಗೆ ಬಯೋಸ್ ಅಪ್‌ಡೇಟ್ ಆಗಿದೆಯಾ?’ ಎಂದು ಕೇಳಿ. ಬಯೋಸ್ ಎಂದರೆ ಬೋರ್ಡಿನೊಳಗೇ ಇರುವ ಮೂಲ ತಂತ್ರಾಂಶ; ಅಪ್‌ಡೇಟ್ ಆಗಿರದಿದ್ದರೆ ಪ್ರೊಸೆಸರನ್ನು ಬೋರ್ಡ್ ಗುರುತಿಸುವುದೇ ಇಲ್ಲ. 12100ಕ್ಕೆ ಎಚ್610 ಬೋರ್ಡ್ ಸಾಕು. ಆದರೆ ಎಚ್610ರಲ್ಲಿ ಡಿಡಿಆರ್4 ತೆಗೆದುಕೊಳ್ಳುವ ಮಾದರಿಯೂ ಇದೆ, ಡಿಡಿಆರ್5 ತೆಗೆದುಕೊಳ್ಳುವುದೂ ಇದೆ. ಎರಡರ ಸ್ಟಿಕ್ಕೂ ಒಂದೇ ಉದ್ದ, ನಡುವಿನ ಕಚ್ಚು ಮಾತ್ರ ಬೇರೆ ಬೇರೆ ಜಾಗದಲ್ಲಿ. ಒಂದರಲ್ಲಿ ಇನ್ನೊಂದು ಕೂರುವುದಿಲ್ಲ, ಒತ್ತಿದರೆ ಸ್ಲಾಟ್ ಸೀಳುತ್ತದೆ.

ರ‍್ಯಾಮ್ 16 ಜಿಬಿ ಇರಲಿ, ಅದೂ 8 ಜಿಬಿಯ ಎರಡು ಸ್ಟಿಕ್ ಆಗಿ. ಕಾರಣ ಇದೆ. ಗ್ರಾಫಿಕ್ಸ್ ಕಾರ್ಡ್ ಬಿಟ್ಟಿದ್ದೇವಲ್ಲ, ಹಾಗಾಗಿ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ತನಗೆ ಬೇಕಾದ ಮೆಮೊರಿಯನ್ನು ಇದೇ ರ‍್ಯಾಮ್‌ನಿಂದ ತೆಗೆದುಕೊಳ್ಳುತ್ತದೆ. ಎರಡು ಸ್ಟಿಕ್ ಇದ್ದರೆ ದಾರಿಯೂ ಎರಡಾಗುತ್ತದೆ, ಓಡಾಟ ಸರಾಗವಾಗುತ್ತದೆ. ಒಂದೇ 16ರ ಸ್ಟಿಕ್ ಹಾಕಿದ 5600ಜಿಗೂ ಎರಡು 8 ಹಾಕಿದ 5600ಜಿಗೂ ಆಟ ಆಡುವಾಗ ಕಣ್ಣಿಗೆ ಕಾಣುವಷ್ಟು ಅಂತರವಿದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಕೈಗೆ ಎಟುಕದಿದ್ದರೆ ಈಗ 8ರ ಒಂದನ್ನು ಹಾಕಿ, ಮುಂದೆ ಅದೇ ಕಂಪನಿಯ ಅದೇ ವೇಗದ ಇನ್ನೊಂದನ್ನು ಸೇರಿಸಿ. ಇದಕ್ಕಾಗಿ ಮೊದಲ ಸ್ಟಿಕ್ಕಿನ ಮಾದರಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹಂತ 4: ಎಸ್‌ಎಂಪಿಎಸ್‌ನಲ್ಲಿ ಕಾಸು ಉಳಿಸಬೇಡಿ

ಗೋಡೆಯ ಕರೆಂಟನ್ನು ಎಲ್ಲ ಭಾಗಗಳಿಗೆ ಹೊಂದಿಸಿ ಕೊಡುವ ಡಬ್ಬವೇ ಎಸ್‌ಎಂಪಿಎಸ್. ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುತ್ತದೆ. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಆದರೂ ಬಹುತೇಕ ಬಜೆಟ್ ಕೊಟೇಶನ್‌ಗಳಲ್ಲಿ ಇದಕ್ಕೆ ಸಾಲೇ ಇರುವುದಿಲ್ಲ, ‘ಕ್ಯಾಬಿನೆಟ್ ಜೊತೆ ಫ್ರೀ’ ಎಂದಿರುತ್ತದೆ.

ಅಂಥದ್ದೊಂದನ್ನು ಕೈಯಲ್ಲಿ ಎತ್ತಿ ನೋಡಿ. ಹಗುರವಾಗಿರುತ್ತದೆ, ವೈರು ತೆಳ್ಳಗಿರುತ್ತದೆ. ಪಕ್ಕದ ಸ್ಟಿಕ್ಕರ್ ಮೇಲೆ 450 ಎಂದು ದಪ್ಪಕ್ಷರ. ಅದರ ಕೆಳಗಿನ ಸಣ್ಣ ಕೋಷ್ಟಕ ಓದಿ. ಇವತ್ತಿನ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಕರೆಂಟ್ ಎಳೆಯುವುದು 12 ವೋಲ್ಟಿನ ಸಾಲಿನಿಂದ. ಆ ಸಾಲಿನಲ್ಲಿ 16 ಆಂಪಿಯರ್ ಎಂದು ಬರೆದಿದ್ದರೆ 12 ಗುಣಿಸು 16, ಅಂದರೆ 192 ವ್ಯಾಟ್. ಮೇಲಿನ 450 ಬರೀ ಹೆಸರು. ಒಳ್ಳೆಯ 450ರಲ್ಲಿ ಈ ಗುಣಾಕಾರ 450ರ ಹತ್ತಿರಕ್ಕೆ ಬರುತ್ತದೆ. ಈ ಲೆಕ್ಕವನ್ನು ಅಂಗಡಿಯಲ್ಲೇ ಮೊಬೈಲ್‌ನಲ್ಲಿ ಮಾಡಿ ನೋಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

‘80 ಪ್ಲಸ್’ ಗುರುತು ಇರುವುದನ್ನು ತೆಗೆದುಕೊಳ್ಳಿ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಕನಿಷ್ಠ ನೂರಕ್ಕೆ 80 ಭಾಗ ಕಂಪ್ಯೂಟರಿಗೆ ತಲುಪುತ್ತದೆ, ಉಳಿದದ್ದಷ್ಟೇ ಬಿಸಿಯಾಗಿ ಹೋಗುತ್ತದೆ ಎಂದು ಅದರ ಅರ್ಥ. ಹೆಸರುವಾಸಿ ಕಂಪನಿಯ 450 ವ್ಯಾಟ್‌ನ ಬ್ರಾಂಜ್ ದರ್ಜೆ ನಮಗೆ ಸಾಕು. 5600ಜಿ ಮಾತ್ರ ಇರುವ ಯಂತ್ರ ಪೂರ್ತಿ ದುಡಿದರೂ 150 ವ್ಯಾಟ್ ಮುಟ್ಟುವುದು ಕಷ್ಟ. ಉಳಿದದ್ದು ಮುಂದಿನ ಗ್ರಾಫಿಕ್ಸ್ ಕಾರ್ಡಿಗೆ.

ಮನೆಯ ಅರ್ಥಿಂಗ್ ಬಗ್ಗೆಯೂ ಇಲ್ಲೇ ಹೇಳಬೇಕು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಎಷ್ಟೋ ಮನೆಯವರು ಹೇಳುತ್ತಾರೆ. ಬಹುಪಾಲು ಅದು ಕಂಪ್ಯೂಟರಿನ ದೋಷವಲ್ಲ. ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳಿಂದ ಒಂದಿಷ್ಟು ಕರೆಂಟ್ ಸದಾ ಸೋರುತ್ತಿರುತ್ತದೆ. ಅದು ಅರ್ಥ್ ವೈರಿನಲ್ಲಿ ನೆಲಕ್ಕೆ ಇಳಿಯಬೇಕು. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈಮೇಲೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವುದನ್ನು ದಯವಿಟ್ಟು ಮಾಡಬೇಡಿ. ಮಲೆನಾಡಿನವರಿಗೆ ಇನ್ನೊಂದು ಮಾತು: ಗುಡುಗು ಶುರುವಾದರೆ ಸ್ವಿಚ್ ಆರಿಸಿದ್ದು ಸಾಲದು, ಪ್ಲಗ್ ಕಿತ್ತಿಡಿ, ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲು ಎಷ್ಟೋ ಸಲ ಕರೆಂಟಿನ ತಂತಿ ಬಿಟ್ಟು ಇಂಟರ್ನೆಟ್ಟಿನ ತಂತಿಯಲ್ಲೇ ಒಳಗೆ ಬರುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸ್ವಿಚ್ ‘ಯುಪಿಎಸ್’ ಮೋಡ್‌ನಲ್ಲಿರಲಿ. ಇಲ್ಲದಿದ್ದರೆ 600 ವಿಎಯ ಒಂದು ಸಣ್ಣ ಯುಪಿಎಸ್ ಇರಲಿ. ಕೆಲಸ ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಅದು ಕೊಡುತ್ತದೆ.

ಹಂತ 5: ಉಳಿದವು

ಎಸ್‌ಎಸ್‌ಡಿ 500 ಜಿಬಿ, ಎನ್‌ವಿಎಂಇ. ಬೋರ್ಡ್ ಮೇಲೇ ಮಲಗುವ ಎಂ.2 ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಸಿಗುತ್ತದೆ; ನೋಡಲು ಹೆಚ್ಚುಕಡಿಮೆ ಒಂದೇ ಥರ, ವೇಗ ಬಹಳ ಕಮ್ಮಿ. ಆದ್ದರಿಂದ ‘ಎನ್‌ವಿಎಂಇ’ ಎಂಬ ಪದ ಬಿಲ್ಲಿನಲ್ಲಿರಲಿ. ಹಾರ್ಡ್‌ಡಿಸ್ಕ್ ಸದ್ಯ ಬೇಡ. ಕ್ಯಾಬಿನೆಟ್ಟಿಗೆ ಮುಂದೆ ಗಾಜಿನ ಬದಲು ಜಾಲರಿ ಇರಲಿ, ಗಾಳಿ ಒಳಗೆ ಹೋಗಬೇಕು. ಬಳ್ಳಾರಿ, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದು ಬರೀ ಚೆಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮಾನಿಟರ್, ಕೀಬೋರ್ಡ್, ಮೌಸ್ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ ಮಾತ್ರ ಎಂದಿಗೂ ಸೆಕೆಂಡ್ ಹ್ಯಾಂಡ್ ಬೇಡ.

ಕೊಳ್ಳಲು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವುದಾದರೆ, ಅಂದರೆ ಟೌನ್‌ಹಾಲ್ ಹಿಂದಿನ ಸದರ್ ಪತ್ರಪ್ಪ ರಸ್ತೆಗೆ, ವಾರದ ದಿನ ಬೆಳಿಗ್ಗೆ ಹೋಗಿ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತವೆ. ಚಿಕ್ಕಪೇಟೆ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಮೂರು ಅಂಗಡಿಯಲ್ಲಿ ಕೊಟೇಶನ್ ಬರೆಸಿ. ಪ್ರತಿ ಸಾಲಿನಲ್ಲೂ ಪೂರ್ತಿ ಮಾದರಿ ಸಂಖ್ಯೆ ಇರಬೇಕು. ‘ಎಸ್‌ಎಂಪಿಎಸ್ 450’ ಎಂದಷ್ಟೇ ಬರೆದರೆ ಕಂಪನಿ ಯಾವುದು, ಮಾದರಿ ಯಾವುದು ಎಂದು ಬರೆಸಿ. ಜಿಎಸ್‌ಟಿ ಬಿಲ್, ಅದರಲ್ಲಿ ಸೀರಿಯಲ್ ನಂಬರ್ ಕೇಳಿ ಪಡೆಯಿರಿ. ಬಿಲ್ ಬೇಡವೆಂದರೆ ಕಮ್ಮಿ ಮಾಡುತ್ತೇವೆ ಎನ್ನುವ ಕಡೆ ವಾರಂಟಿಯೂ ಅಲ್ಲಿಗೇ ಮುಗಿಯಿತು ಎಂದು ತಿಳಿಯಿರಿ.

ಹಂತ 6: ಮೊದಲು ರಟ್ಟಿನ ಡಬ್ಬದ ಮೇಲೆ ಜೋಡಿಸಿ

ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು, ತುದಿಯಲ್ಲಿ ಅಯಸ್ಕಾಂತ ಇದ್ದರೆ ಅನುಕೂಲ. ಊಟದ ಮೇಜನ್ನು ಒರೆಸಿ ಖಾಲಿ ಮಾಡಿ. ರೇಷ್ಮೆ, ಪಾಲಿಯೆಸ್ಟರ್ ಬಟ್ಟೆ ಬೇಡ, ಹತ್ತಿ ಬಟ್ಟೆ ಇರಲಿ. ಪ್ರತಿ ಭಾಗ ಕೈಗೆ ತೆಗೆದುಕೊಳ್ಳುವ ಮುನ್ನ ಎಸ್‌ಎಂಪಿಎಸ್‌ನ ಲೋಹದ ಮೈಯನ್ನು ಒಮ್ಮೆ ಮುಟ್ಟಿ. ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿದುಹೋಗುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಇದು ಇನ್ನೂ ಮುಖ್ಯ.

ಎಲ್ಲವನ್ನೂ ನೇರವಾಗಿ ಕ್ಯಾಬಿನೆಟ್ಟಿಗೆ ತುಂಬಬೇಡಿ. ಬೋರ್ಡನ್ನು ಅದು ಬಂದ ರಟ್ಟಿನ ಡಬ್ಬದ ಮೇಲೆ ಇಡಿ. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟೇ ಸೇರಿಸಿ ಡಿಸ್‌ಪ್ಲೇ ಬರುತ್ತದಾ ನೋಡಿ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಆದರೆ ತೊಂದರೆ ಇದ್ದರೆ ಇಲ್ಲೇ ಕಾಣುತ್ತದೆ, ಇಪ್ಪತ್ತು ಸ್ಕ್ರೂ ಬಿಗಿದ ಮೇಲಲ್ಲ.

ಎಎಂ4 ಪ್ರೊಸೆಸರಿನ ಅಡಿಯಲ್ಲಿ ಕೂದಲೆಳೆಯಂಥ ಪಿನ್‌ಗಳು ಸಾವಿರಕ್ಕೂ ಹೆಚ್ಚು ಇರುತ್ತವೆ. ಅಂಚು ಹಿಡಿದೇ ಎತ್ತಿ. ಸಾಕೆಟ್ಟಿನ ಪಕ್ಕದ ಸಣ್ಣ ಲಿವರನ್ನು ನೆಟ್ಟಗೆ ನಿಲ್ಲಿಸಿ. ಪ್ರೊಸೆಸರಿನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ತ್ರಿಕೋನವಿದೆ, ಸಾಕೆಟ್ಟಿನ ಒಂದು ಮೂಲೆಯಲ್ಲೂ ಇದೆ. ಎರಡನ್ನೂ ಹೊಂದಿಸಿ ಮೇಲಿಟ್ಟರೆ ತನ್ನ ಭಾರಕ್ಕೇ ಒಳಗಿಳಿದು ಕೂರುತ್ತದೆ. ಬೆರಳಿನಿಂದ ಒತ್ತಬೇಕು ಅನ್ನಿಸಿತೋ, ದಿಕ್ಕು ತಪ್ಪಿದೆ. ಎತ್ತಿ ಮತ್ತೆ ನೋಡಿ. ಕೂತ ಮೇಲೆ ಲಿವರ್ ಇಳಿಸಿ. ಇಂಟೆಲ್‌ನಲ್ಲಿ ಪಿನ್ ಇರುವುದು ಸಾಕೆಟ್ಟಿನಲ್ಲಿ. ಅದರ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲೇ ಕೀಳಬೇಡಿ, ಲಿವರ್ ಇಳಿಸುವಾಗ ತಾನೇ ಹಾರುತ್ತದೆ. ಎಸೆಯಬೇಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಬೇಕು.

5600ಜಿಯ ಕೂಲರಿಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ. ಬೋರ್ಡ್ ಮೇಲಿನ ಎರಡು ಪ್ಲಾಸ್ಟಿಕ್ ಹಿಡಿಕೆಗಳನ್ನು ಮೊದಲು ಬಿಚ್ಚಬೇಕು. ಬಿಚ್ಚುವಾಗ ಬೋರ್ಡಿನ ಬೆನ್ನಿಗೆ ಅಂಗೈ ಕೊಟ್ಟಿರಿ, ಇಲ್ಲದಿದ್ದರೆ ಹಿಂದಿನ ಲೋಹದ ಪಟ್ಟಿ ಕೆಳಗೆ ಬೀಳುತ್ತದೆ. ಕೂಲರಿನ ಅಡಿಯಲ್ಲಿ ಬೂದುಬಣ್ಣದ ಥರ್ಮಲ್ ಪೇಸ್ಟ್ ಕಾರ್ಖಾನೆಯಲ್ಲೇ ಹಚ್ಚಿರುತ್ತಾರೆ, ಬೆರಳು ತಾಗಿಸಬೇಡಿ. ನೇರ ಕೆಳಗಿಳಿಸಿ ಇಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಎರಡೆರಡು ಸುತ್ತು ತಿರುಗಿಸುತ್ತಾ ಹೋಗಿ. ಒಂದನ್ನೇ ಪೂರ್ತಿ ಬಿಗಿದರೆ ಕೂಲರ್ ಓರೆಯಾಗುತ್ತದೆ. ಫ್ಯಾನಿನ ವೈರನ್ನು ‘ಸಿಪಿಯು ಫ್ಯಾನ್’ ಎಂದು ಬರೆದ ಕಡೆಗೇ ಸಿಕ್ಕಿಸಿ.

ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಎರಡು ಕೇಬಲ್: 24 ಪಿನ್ನಿನ ಅಗಲದ್ದು ಮತ್ತು ಮೇಲಿನ ಎಡ ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ 8 ಪಿನ್ನಿನದು. ಎರಡನೆಯದನ್ನು ಮರೆಯುವವರೇ ಹೆಚ್ಚು. ಡಬ್ಬದ ಮೇಲಿರುವಾಗ ಬಟನ್ ಇರುವುದಿಲ್ಲ; ಬೋರ್ಡಿನಲ್ಲಿ ಪವರ್ ಬಟನ್ನಿಗೆಂದಿರುವ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿದರೆ ಆನ್ ಆಗುತ್ತದೆ.

ಡಿಸ್‌ಪ್ಲೇ ಬಂದ ಮೇಲೆ ಆಫ್ ಮಾಡಿ ಪ್ಲಗ್ ಕಿತ್ತು ಕ್ಯಾಬಿನೆಟ್ಟಿಗೆ ವರ್ಗಾಯಿಸಿ. ಬೋರ್ಡಿನ ಹಿಂಬದಿಯ ತಗಡಿನ ಪಟ್ಟಿ ಮೊದಲು. ಆಮೇಲೆ ಒಳಗಿನ ಹಿತ್ತಾಳೆಯ ಗಿಡ್ಡ ಕಂಬಗಳನ್ನು ನೋಡಿ: ಬೋರ್ಡಿನ ತೂತುಗಳು ಎಲ್ಲಿವೆಯೋ ಅಲ್ಲಿ ಮಾತ್ರ ಅವು ಇರಬೇಕು. ತೂತಿಲ್ಲದ ಕಡೆ ಒಂದು ಕಂಬ ಉಳಿದರೂ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗಬಹುದು. ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಮಲಗಿಸಿ, ಕೊನೆಯ ಸಣ್ಣ ಸ್ಕ್ರೂ ಬಿಗಿಯಿರಿ. ಮುಂದಿನ ಬಟನ್ನಿನ ಸಣ್ಣ ವೈರುಗಳಿಗೆ ಬೋರ್ಡಿನ ಪುಸ್ತಿಕೆಯ ಚಿತ್ರವೇ ಗುರು. ಪವರ್ ಬಟನ್ನಿನ ವೈರು ಹಿಂದುಮುಂದಾದರೂ ಕೆಲಸ ಮಾಡುತ್ತದೆ, ದೀಪದ ವೈರು ಹಿಂದುಮುಂದಾದರೆ ದೀಪ ಉರಿಯುವುದಿಲ್ಲ ಅಷ್ಟೇ.

ಹಂತ 7: ಮೊದಲ ಆನ್, ಬಯೋಸ್, ವಿಂಡೋಸ್ ಅಥವಾ ಲಿನಕ್ಸ್

ಆನ್ ಮಾಡಿದ ಕೂಡಲೇ ‘ಡಿಲೀಟ್’ ಕೀ ಒತ್ತುತ್ತಾ ಇರಿ, ಬಯೋಸ್ ತೆರೆಯುತ್ತದೆ. ಮೂರು ವಿಷಯ ನೋಡಿ: ರ‍್ಯಾಮ್ ಪೂರ್ತಿ ತೋರಿಸುತ್ತಿದೆಯಾ, ಎಸ್‌ಎಸ್‌ಡಿ ಹೆಸರು ಕಾಣುತ್ತಿದೆಯಾ, ಪ್ರೊಸೆಸರಿನ ಬಿಸಿ ಎಷ್ಟಿದೆ. ಬಯೋಸ್‌ನಲ್ಲಿ 35ರಿಂದ 55 ಡಿಗ್ರಿ ಇದ್ದರೆ ನೆಮ್ಮದಿ. ನಿಮಿಷ ನಿಮಿಷಕ್ಕೂ ಏರುತ್ತಾ 80 ದಾಟಿದರೆ ಆಫ್ ಮಾಡಿ, ಕೂಲರ್ ಸರಿಯಾಗಿ ಕೂತಿಲ್ಲ. ರ‍್ಯಾಮ್ 3200 ಎಂದು ತಂದು ಬಯೋಸ್‌ನಲ್ಲಿ 2400 ಅಥವಾ 2666 ಕಂಡರೆ ‘ಎಕ್ಸ್‌ಎಂಪಿ’ ಎಂಬುದನ್ನು ಆನ್ ಮಾಡಿ.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್‌ನ ಜಾಲತಾಣದಿಂದಲೇ 8 ಜಿಬಿಯ ಪೆನ್‌ಡ್ರೈವ್‌ಗೆ ಇನ್‌ಸ್ಟಾಲರ್ ಮಾಡಿಕೊಳ್ಳಿ. ಇನ್‌ಸ್ಟಾಲ್ ಆಗುವಾಗ ಇಂಟರ್ನೆಟ್ ಕೇಳುತ್ತದೆ, ಬಜೆಟ್ ಬೋರ್ಡಿನಲ್ಲಿ ಸಾಮಾನ್ಯವಾಗಿ ವೈಫೈ ಇರುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ಕೆಲಸ ಮುಂದುವರಿಯುತ್ತದೆ. ವಿಂಡೋಸ್‌ಗೆ ದುಡ್ಡಿಲ್ಲದಿದ್ದರೆ ಕದ್ದ ಕೀ ಹಾಕಬೇಡಿ, ಲಿನಕ್ಸ್ ಮಿಂಟ್ ಹಾಕಿ. ಉಚಿತ, ವೇಗ, ಪ್ರೋಗ್ರಾಮಿಂಗ್ ಕಲಿಯುವವರಿಗಂತೂ ಇದೇ ಮೇಲು. ಕನ್ನಡದ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸವಾದವರು ಲಿನಕ್ಸ್‌ನಲ್ಲಿ ‘ಕೆಜಿಪಿ’ ಕೀಲಿಮಣೆ ವಿನ್ಯಾಸ ಆರಿಸಿಕೊಂಡರೆ ಬೆರಳು ಅದೇ ಹಾದಿಯಲ್ಲಿ ಓಡುತ್ತವೆ. ಅಕ್ಕ ಎರಡೇ ದಿನದಲ್ಲಿ ಒಗ್ಗಿಸಿಕೊಂಡಳು.

ಹಂತ 8: ಕೆಲಸ ಮಾಡದಿದ್ದರೆ

ಸಾಗರದ ಮನೆಯಲ್ಲಿ ಡಬ್ಬದ ಮೇಲೆ ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಇತ್ತು. ಭಾವನ ಮುಖ ಸಣ್ಣಗಾಯಿತು. ಅಳಿಯ ಆಗಲೇ ಕೂಲರ್ ಬಿಚ್ಚಲು ಕೈ ಹಾಕಿದ್ದ, ತಡೆದೆ. ಬೋರ್ಡಿನ ಮೂಲೆಯಲ್ಲಿ ನಾಲ್ಕು ಸಣ್ಣ ದೀಪಗಳಿದ್ದವು, ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ಬರಹ. ಉರಿಯುತ್ತಿದ್ದುದು ಡಿರ‍್ಯಾಮ್ ದೀಪ. ರ‍್ಯಾಮ್ ಸ್ಟಿಕ್ ನೋಡಿದರೆ ಸರಿಯಾಗಿಯೇ ಕೂತಂತಿತ್ತು. ಮೊಬೈಲ್ ಟಾರ್ಚ್ ಹಿಡಿದು ಪಕ್ಕದಿಂದ ಬಗ್ಗಿ ನೋಡಿದಾಗ ಒಂದು ತುದಿ ಒಂದು ಕೂದಲಿನಷ್ಟು ಮೇಲಿತ್ತು. ಆ ಬೋರ್ಡಿನ ಸ್ಲಾಟಿಗೆ ಚಿಲಕ ಒಂದೇ ಕಡೆ. ಚಿಲಕವಿದ್ದ ತುದಿ ‘ಟಕ್’ ಎಂದು ಕೂತಿತ್ತು. ಚಿಲಕವಿಲ್ಲದ ತುದಿ ಪೂರ್ತಿ ಇಳಿದಿರಲಿಲ್ಲ. ಪ್ಲಗ್ ಕಿತ್ತು, ಸ್ಟಿಕ್ ತೆಗೆದು, ಮೊದಲು ಚಿಲಕವಿಲ್ಲದ ಕಡೆ ಒತ್ತಿ, ಆಮೇಲೆ ಇನ್ನೊಂದು ಕಡೆ ಒತ್ತಿದೆವು. ಮತ್ತೆ ಆನ್ ಮಾಡಿದಾಗ ಬೋರ್ಡ್ ಕಂಪನಿಯ ಚಿಹ್ನೆ ಪರದೆಯ ಮೇಲೆ ಬಂತು.

ಅಲ್ಲಿ ಮಾಡಿದ್ದನ್ನೇ ಯಾವ ತೊಂದರೆಗಾದರೂ ಮಾಡಿ: ಊಹಿಸಿ ಬಿಚ್ಚುವ ಮುನ್ನ ಯಂತ್ರ ಏನು ಹೇಳುತ್ತಿದೆ ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಮೂರನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಹೋಯಿತು ಎಂದು ಗೊತ್ತಾಗುವುದಿಲ್ಲ.

ಏನೂ ಆಗುತ್ತಿಲ್ಲ, ಫ್ಯಾನೂ ತಿರುಗುತ್ತಿಲ್ಲ. ಗೋಡೆಯ ಪ್ಲಗ್ಗಿಗೆ ಬೇರೇನಾದರೂ ಹಾಕಿ ನೋಡಿ. ಎಸ್‌ಎಂಪಿಎಸ್ ಹಿಂದೆ ಒಂದು ಸ್ವಿಚ್ ಇದೆ, ಅದು ‘0’ ಕಡೆ ಇರಬಾರದು. 24 ಪಿನ್ನಿನ ಕೇಬಲ್ ಚಿಲಕ ಬೀಳುವವರೆಗೆ ಒತ್ತಿ. ಆಮೇಲೂ ಇಲ್ಲವೆಂದರೆ ಪವರ್ ಬಟನ್ನಿನ ವೈರು ಕಿತ್ತು, ಆ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿ. ಹೊತ್ತಿತು ಎಂದರೆ ಕೆಟ್ಟಿರುವುದು ಕ್ಯಾಬಿನೆಟ್ಟಿನ ಬಟನ್. ಡಬ್ಬದ ಮೇಲೆ ಆನ್ ಆಗುತ್ತಿದ್ದುದು ಕ್ಯಾಬಿನೆಟ್ಟಿನಲ್ಲಿ ಆಗದಿದ್ದರೆ ಹೆಚ್ಚುವರಿ ಹಿತ್ತಾಳೆ ಕಂಬ ಹುಡುಕಿ. ಎಸ್‌ಎಂಪಿಎಸ್ಸನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರ್‌ನಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರುತ್ತದೆ.

ಫ್ಯಾನ್ ತಿರುಗುತ್ತಿದೆ, ಡಿಸ್‌ಪ್ಲೇ ಇಲ್ಲ. ಅತಿ ಹೆಚ್ಚು ಬರುವ ದೂರು ಇದೇ. ಮಾನಿಟರಿನ ಇನ್‌ಪುಟ್ ಎಚ್‌ಡಿಎಂಐಗೆ ಇದೆಯಾ ನೋಡಿ. 8 ಪಿನ್ನಿನ ಕೇಬಲ್ ನೋಡಿ. ರ‍್ಯಾಮ್ ಒಂದನ್ನೇ ಇಟ್ಟು, ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದರಲ್ಲಿ ಹಾಕಿ. ಎರಡು ಸ್ಟಿಕ್ ಹಾಕುವಾಗ ಎರಡನೆಯದು ಮತ್ತು ನಾಲ್ಕನೆಯದು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೆ, ಇಲ್ಲದಿದ್ದರೆ ಬೋರ್ಡಿಗೆ. ಡಿಡಿಆರ್5 ಬೋರ್ಡಾದರೆ ಮೊದಲ ಸಲ ಕೆಲವು ನಿಮಿಷ ಕಾಯಿರಿ, ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಬಯೋಸ್‌ನಲ್ಲಿ ತಪ್ಪಿದ್ದ ಸೆಟ್ಟಿಂಗ್ ಮೂಲಕ್ಕೆ ಬರುತ್ತದೆ.

ಕೆಲವು ನಿಮಿಷ ನಡೆದು ಆಫ್ ಆಗುತ್ತದೆ. ಬಿಸಿ. 5600ಜಿಯ ಮಿತಿ 95 ಡಿಗ್ರಿ. ಕೂಲರ್ ಫ್ಯಾನ್ ತಿರುಗುತ್ತಿದೆಯಾ, ಬೇರೆ ಕೂಲರ್ ಕೊಂಡಿದ್ದರೆ ಅಡಿಯ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿ. ಎಎಂ4 ಕೂಲರ್ ಬಿಚ್ಚುವಾಗ ನೇರ ಎಳೆಯಬೇಡಿ. ಹತ್ತು ನಿಮಿಷ ಕಂಪ್ಯೂಟರ್ ನಡೆಸಿ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಎತ್ತಿ. ನೇರ ಎಳೆದರೆ ಪ್ರೊಸೆಸರೂ ಕೂಲರಿಗಂಟಿಕೊಂಡು ಕಿತ್ತು ಬಂದು ಪಿನ್ ಬಾಗುತ್ತವೆ. ಬಾಗಿದ ಪಿನ್ನನ್ನು ಖಾಲಿ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯಲ್ಲಿ ಹಿಡಿದು ನಿಧಾನಕ್ಕೆ ನೆಟ್ಟಗೆ ಮಾಡಬಹುದು, ತಾಳ್ಮೆ ಇದ್ದವರಿಂದ ಮಾಡಿಸಿ.

ಆಗಾಗ ನೀಲಿ ಪರದೆ, ತಾನೇ ರೀಸ್ಟಾರ್ಟ್. ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಎರಡು ದಿನ ನೋಡಿ. ಆಮೇಲೆ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ಒಂದೊಂದೇ ಸ್ಟಿಕ್ ಇಟ್ಟು ಮತ್ತೆ ಪರೀಕ್ಷಿಸಿ, ಕೆಟ್ಟಿದ್ದನ್ನು ವಾರಂಟಿಗೆ ಕೊಡಿ. ಭಾರದ ಕೆಲಸ ಮಾಡುವಾಗ ಮಾತ್ರ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ.

ದಿನಾಂಕ, ಸಮಯ ದಿನವೂ ತಪ್ಪುತ್ತಿದೆ ಎಂದರೆ ಅದೇ ನಾಣ್ಯದ ಬ್ಯಾಟರಿ ಮುಗಿದಿದೆ, ವಾಚ್ ಅಂಗಡಿಯಲ್ಲಿ ಸಿಗುತ್ತದೆ. 16 ಜಿಬಿ ಹಾಕಿದ್ದರೂ ಬಳಕೆಗೆ 15 ಅಥವಾ 14 ಜಿಬಿಯಷ್ಟೇ ಎಂದು ವಿಂಡೋಸ್ ತೋರಿಸುವುದು ದೋಷವಲ್ಲ. ಉಳಿದದ್ದನ್ನು ಒಳಗಿನ ಗ್ರಾಫಿಕ್ಸ್ ತನಗೆಂದು ತೆಗೆದಿಟ್ಟುಕೊಂಡಿದೆ.

ಇಷ್ಟು ಮಾಡಿಯೂ ಆಗದಿದ್ದರೆ ಯಾವುದೋ ಭಾಗ ನಿಜಕ್ಕೂ ಕೆಟ್ಟು ಬಂದಿದೆ. ಅದಕ್ಕೇ ಬೋರ್ಡ್, ಪ್ರೊಸೆಸರ್, ಎಸ್‌ಎಂಪಿಎಸ್‌ಗಳ ಬಾಕ್ಸ್‌ಗಳನ್ನು ವಾರಂಟಿ ಮುಗಿಯುವವರೆಗೂ ಅಟ್ಟದ ಮೇಲೆ ಇಡಿ. ಬಿಲ್ ಬಸ್ ಟಿಕೆಟ್ಟಿನಂಥ ಕಾಗದದಲ್ಲಿ ಮುದ್ರಿಸಿದ್ದರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತದೆ. ತಂದ ದಿನವೇ ಅದರ ಫೋಟೊ, ಜೊತೆಗೆ ಪ್ರತಿ ಭಾಗದ ಸೀರಿಯಲ್ ನಂಬರಿನ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ.